ಅಳು ಕೇಳುವ ಡಬ್ಬಿ

ಗಾಯ ಹೀರುವ ಯಂತ್ರಕ್ಕೆ ಒಂದು ಕಿವಿ ಇಟ್ಟರೆ ಹೇಗೆ?

ಈ ಯೋಚನೆ ಸರ್ವಮಂಗಳಾಳ ತಲೆಗೆ ಬಂದದ್ದು ಪ್ರಯೋಗಾಲಯದಲ್ಲಲ್ಲ, ಅವಳ ಮನೆಯ ಅಡುಗೆಕೋಣೆಯಲ್ಲಿ. ಮಗಳು ಋತು ದೋಸೆ ಹರಿದುಹೋಯಿತು ಅಂತ ಕೇರಿಯನ್ನೇ ಒಂದು ಮಾಡಿ ಅಳುತ್ತಿದ್ದಳು. ಈ ಮಹಾತಾಯಿ ಹುಟ್ಟಿದಾಗಿನಿಂದ ಹಾಗೇ. ಕೂತರೂ ಅಳು, ನಿಂತರೂ ಅಳು. ಸೊಳ್ಳೆ ಕಚ್ಚಿದರೆ ಒಂದು ರಾಗ, ಬಿದ್ದರೆ ಇನ್ನೊಂದು, ಬರೀ ಹಟಕ್ಕೆ ಬೇರೆಯೇ ಒಂದು. ಒಲೆಯ ಮುಂದೆ ಸೌಟು ಹಿಡಿದು ನಿಂತ ಮಂಗಳಾ ತಿರುಗಿಯೂ ನೋಡದೆ "ಇದು ಹಟದ್ದು" ಅಂತ ಹೇಳಿಬಿಡುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ ತಾಯಿಗೆ ಇಷ್ಟು ಗೊತ್ತಾಗುತ್ತದೆ ಅಂದ ಮೇಲೆ, ಯಂತ್ರಕ್ಕೆ ಕಲಿಸುವುದೇನು ಮಹಾ!

ಮಂಗಳಾ ದಾವಣಗೆರೆಯ ಮಕ್ಕಳ ಗಾಯ ಕೇಂದ್ರದಲ್ಲಿ ಇಂಜಿನಿಯರು. ಅಲ್ಲಿಗೆ ಬರುತ್ತಿದ್ದ ಗಾಯಗಳು ಅಂತಿಂಥವಲ್ಲ. ಟ್ರ್ಯಾಕ್ಟರಿನಡಿ ಸಿಕ್ಕಿ ಚರ್ಮ ಕಾಲುಚೀಲದ ಹಾಗೆ ಸುಲಿದುಬಂದದ್ದು, ಕುದಿಯುವ ಸಾರು ಬಿದ್ದು ಕೀವಾದದ್ದು, ಮೂಳೆ ಕಾಣುವಂಥದ್ದು. ಹೊಲಿಯೋಣ ಅಂದರೆ ಚರ್ಮವೇ ಇಲ್ಲ. ಇಂಥವಕ್ಕೆ ಹಳೆಯ ಉಪಾಯ ಒಂದಿತ್ತು: ಕಪ್ಪು ಸ್ಪಂಜನ್ನು ಗಾಯದ ಅಳತೆಗೆ ಕತ್ತರಿಸಿ ಒಳಗಿಡುವುದು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುವುದು, ಅದಕ್ಕೊಂದು ಕೊಳವೆ ಜೋಡಿಸಿ ಪಂಪಿನಿಂದ ಸದಾ ಗಾಳಿ ಎಳೆಯುತ್ತಿರುವುದು. ಕೀವು ನೀರು ಎಲ್ಲ ಡಬ್ಬಿಗೆ ಬರುತ್ತದೆ, ಗಾಯದ ಅಂಚುಗಳು ಹತ್ತಿರ ಸರಿಯುತ್ತವೆ, ತಳದಲ್ಲಿ ದಾಳಿಂಬೆ ಕಾಳಿನಂತೆ ಕೆಂಪಗೆ ಹೊಸ ಮಾಂಸ ಏಳುತ್ತದೆ. ಎಲ್ಲ ಸರಿ. ಆದರೆ ಎಳೆತ ಜಾಸ್ತಿಯಾದರೆ ಮಕ್ಕಳಿಗೆ ನೋವು, ಕಡಿಮೆಯಾದರೆ ಗಾಯ ವಾರಗಟ್ಟಲೆ ಕೂತಲ್ಲೇ ಕೂತಿರುತ್ತದೆ. ಪಂಪಿನ ಅಳತೆಯಲ್ಲಿ ಮಕ್ಕಳಿಗೆ ನೂರರ ಮೇಲೆ ಎಳೆತ ಬೇಡ ಅಂತ ಕೇಂದ್ರದ ಡಾಕ್ಟರುಗಳು ಗೆರೆ ಎಳೆದಿದ್ದರು.

"ಗೆರೆ ಯಾಕೆ ಸರ್, ಮಗುವನ್ನೇ ಕೇಳೋಣ" ಅಂದಳು ಮಂಗಳಾ. ಕೇಂದ್ರದ ಮುಖ್ಯಸ್ಥರು, ಮಕ್ಕಳ ಸರ್ಜನ್ ಡಾಕ್ಟರ್ ಮುರುಗೇಶ್, ಕನ್ನಡಕದ ಮೇಲಿಂದ ನೋಡಿದರು. ಅವಳು ಬಿಡಲಿಲ್ಲ. "ಡಬ್ಬಿಯಲ್ಲಿ ಒಂದು ಮೈಕ್ ಇರುತ್ತೆ. ಮಗು ನೋವಿಗೆ ಅತ್ತರೆ, ನರಳಿದರೆ ಎಳೆತ ತಾನೇ ಇಳಿಯುತ್ತೆ. ಸುಮ್ಮನಿದ್ದರೆ ಚೂರು ಚೂರೇ ಏರುತ್ತೆ. ಒಂದೊಂದು ಮಗುವಿಗೂ ಅದರದ್ದೇ ಗೆರೆ. ಅಳೋ ಮಗುವಿಗೇ ಹಾಲು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ?"

ಹಾಗೆ ಹುಟ್ಟಿದ್ದು 'ಮೃದು'. ಒಂದು ಟಿಫಿನ್ ಕ್ಯಾರಿಯರಿನಷ್ಟು ದೊಡ್ಡ ಬಿಳಿ ಡಬ್ಬಿ. ಮೊದಲು ಅದಕ್ಕೆ ಋತುವಿನ ಅಳುಗಳನ್ನೇ ಕೇಳಿಸಿದ್ದು, ಆಮೇಲೆ ಸಾವಿರಾರು ಮಕ್ಕಳದ್ದು. ನಲವತ್ತು ಮಕ್ಕಳ ಮೇಲೆ ಪ್ರಯೋಗವಾಯಿತು. ಇಪ್ಪತ್ತು ದಿನ ಹಿಡಿಯುತ್ತಿದ್ದ ಗಾಯ ಒಂಬತ್ತೇ ದಿನಕ್ಕೆ ಕೆಂಪಾಗಿ ತುಂಬಿಕೊಂಡು ಚರ್ಮ ಹೊದಿಸಲು ತಯಾರು! ಮೇಲಿನ ಮಿತಿ ನೂರರಿಂದ ನೂರೆಂಬತ್ತಕ್ಕೆ ಹೋಯಿತು. ಆಸ್ಪತ್ರೆಯಲ್ಲೇ ಬಿದ್ದಿರುತ್ತಿದ್ದ ಮಕ್ಕಳು ಡಬ್ಬಿ ತಗೊಂಡು ಮನೆಗೆ ಹೋದರು. ಗುರ್ರ್ ಗುರ್ರ್ ಅನ್ನುತ್ತಿದ್ದ ಅದಕ್ಕೆ ಊರ ತಾಯಂದಿರು 'ಗುರ್ ಡಬ್ಬಿ' ಅಂತ ನಾಮಕರಣವನ್ನೂ ಮಾಡಿಬಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಮಂಗಳಾಗಂತೂ ಡಬ್ಬಿ ಅಂದರೆ ಎರಡನೇ ಮಗು.

*

ಕೇಂದ್ರದ ಎರಡನೇ ಮಹಡಿಯಲ್ಲಿ ಗಮನಿಸುವ ಕೋಣೆ. ಗೋಡೆ ತುಂಬ ಪರದೆ, ಪರದೆಯಲ್ಲಿ ನಲವತ್ಮೂರು ಮನೆಗಳ ನಲವತ್ಮೂರು ಡಬ್ಬಿಗಳ ಗೆರೆ. ಮಗು ಅತ್ತಾಗಲೆಲ್ಲ ಗೆರೆ ಕೆಂಪಾಗಿ ಮೇಲೇಳುತ್ತಿತ್ತು, ಅದರ ಕೆಳಗೆ ಎಳೆತದ ಅಂಕಿ ಇಳಿಯುತ್ತಿತ್ತು. ಹರಿಹರದ ಒಬ್ಬ ಹುಡುಗನ ಗೆರೆಯಂತೂ ಗರಗಸದ ಹಲ್ಲು. ಅವನ ಡಬ್ಬಿ ಅರವತ್ತರ ಮೇಲೆ ಹೋದದ್ದೇ ಇಲ್ಲ.

ಲಿಖಿತಾಳ ಗೆರೆ ಮಾತ್ರ ಹಾಸಿದ ಚಾಪೆ. ಏಳು ವರ್ಷದ ಹುಡುಗಿ, ಎಡಗಾಲಿನ ಹಿಮ್ಮಡಿಯ ಗಾಯ. ಊರೆಲ್ಲ ಮುಚ್ಚಿದ ಚಕ್ರದ ಕರೆಂಟ್ ಗಾಡಿ ಹತ್ತಿ ಯಾವುದೋ ಕಾಲವಾಗಿದ್ದರೂ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಅವಳಪ್ಪ ತಿಪ್ಪೇಶ ತನ್ನಪ್ಪನ ಕಾಲದ ಕಡ್ಡಿಚಕ್ರದ ಬೈಕ್ ಬಿಟ್ಟಿರಲಿಲ್ಲ. ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟವನು ತಿರುವಿನಲ್ಲಿ ಜೋರು ಮಾಡಿದ. ಕಾಲು ಚಕ್ರದ ಕಡ್ಡಿಗೆ ಸಿಕ್ಕಿತು. ಹಿಮ್ಮಡಿಯ ಚರ್ಮ ಮಾಂಸ ಎರಡೂ ಕಿತ್ತುಹೋದವು.

ಎಂಟು ದಿನದಲ್ಲಿ ಈ ಹುಡುಗಿಯ ಡಬ್ಬಿ ಒಂದೇ ಒಂದು ಸಲವೂ ಅಳು ಕೇಳಲಿಲ್ಲ. ಎಳೆತ ನೂರಾಯಿತು, ನೂರಿಪ್ಪತ್ತಾಯಿತು, ನೂರೈವತ್ತಾಯಿತು. ಫೋಟೋದಲ್ಲಿ ನೋಡಿದರೆ ಮಾಂಸ ಎದ್ದು ಬರುತ್ತಿದೆ! ಬೆಂಗಳೂರಿನಿಂದ ಯಾರಾದರೂ ನೋಡಲು ಬಂದರೆ ಮಂಗಳಾ ಮೊದಲು ತೋರಿಸುತ್ತಿದ್ದದ್ದು ಇದನ್ನೇ. "ಇವಳು ನಮ್ಮ ಚಾಂಪಿಯನ್" ಅನ್ನುತ್ತಿದ್ದಳು.

ಹನುಮಕ್ಕ ಸಿಸ್ಟರಿಗೆ ಮಾತ್ರ ಯಾಕೋ ಸಮಾಧಾನವಿರಲಿಲ್ಲ. ಜಗಳೂರು ಕಡೆಯ ಹೆಂಗಸು, ಇಪ್ಪತ್ತೆಂಟು ವರ್ಷದಿಂದ ಗಾಯ ಬಿಚ್ಚಿ ಕಟ್ಟಿದ ಕೈ. ಎರಡು ದಿನಕ್ಕೊಮ್ಮೆ ಮನೆಗೇ ಹೋಗಿ ಸ್ಪಂಜು ಬದಲಿಸಿ ಬರುತ್ತಿದ್ದಳು.

"ಮೇಡಂ, ಆ ಹುಡುಗಿ ಸುಮ್ನಿರೋದು ನನಗ್ಯಾಕೋ ಸರಿ ಕಾಣ್ತಿಲ್ಲ. ಸ್ಪಂಜು ಕೀಳುವಾಗ ಮೀಸೆ ಹೊತ್ತ ಗಂಡಸ್ರೇ ಅವ್ವಾ ಅಪ್ಪಾ ಅಂತಾರೆ. ಇದು ತುಟಿ ಪಿಟಕ್ ಅನ್ನಲ್ಲ."

"ಗಟ್ಟಿ ಹುಡುಗಿ ಬಿಡಿ ಸಿಸ್ಟರ್."

"ಗಟ್ಟಿ ಅಂತ ನೀವಂತೀರಿ. ನಂಗೆ ಭಯ ಆಗ್ತೈತಿ."

ಮಂಗಳಾ ನಕ್ಕಳು. ಹೌದು, ನಕ್ಕೇಬಿಟ್ಟಳು. ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಆ ನಗುವೇ ಕಿವಿಯಲ್ಲಿ ಕೇಳುತ್ತಿತ್ತು.

*

ಭಾನುವಾರ ಹನ್ನೊಂದೂವರೆ. ಬಚ್ಚಲಲ್ಲಿ ಋತುವಿನ ತಲೆಗೆ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಕಣ್ಣುರಿ ಅಂತ ಋತು ಎಂದಿನಂತೆ ಸಂಗೀತ ಕಛೇರಿ ನಡೆಸಿದ್ದಳು. ಹೊರಗೆ ಫೋನು ಬಡಿದುಕೊಳ್ಳತೊಡಗಿತು. ಒದ್ದೆ ಕೈಯಲ್ಲೇ ಎತ್ತಿಕೊಂಡು ನೋಡಿದರೆ: ಲಿಖಿತಾ, ಡಬ್ಬಿಯಲ್ಲಿ ರಕ್ತ, ಪಂಪು ನಿಂತಿದೆ.

ಸೀಗೆಪುಡಿಯ ತಲೆಯ ಮಗಳನ್ನು ಗಂಡ ಜಗದೀಶನ ಕೈಗೆ ಕೊಟ್ಟು ಓಡಿದಳು. ಅವಳು ಕೇಂದ್ರ ಮುಟ್ಟುವಷ್ಟರಲ್ಲಿ ಹುಡುಗಿಯನ್ನು ಆಪರೇಷನ್ ಕೋಣೆಗೆ ಒಯ್ದಾಗಿತ್ತು. ಒಂದು ತಾಸಾದ ಮೇಲೆ ಮುರುಗೇಶ್ ಹೊರಗೆ ಬಂದರು.

"ಜೀವಕ್ಕೇನೂ ಇಲ್ಲ. ಎದ್ದ ಮಾಂಸ ಕಿತ್ತುಬಂದು ರಕ್ತನಾಳ ಒಡೆದಿದೆ. ಅಂಚಿನ ಚರ್ಮ ಕಪ್ಪಾಗಿದೆ. ಹಿಮ್ಮಡಿ ಉಳಿಯುತ್ತೋ ಇಲ್ವೋ ಮೂರು ದಿನ ನೋಡಬೇಕು. ಎಳೆತ ಎಷ್ಟಿತ್ತು?"

"ನೂರ ಎಪ್ಪತ್ತೆರಡು."

"ನೂರ ಎಪ್ಪತ್ತೆರಡಾ! ಹುಡುಗಿ ಅಳಲಿಲ್ವೇನ್ರೀ?"

"ಇಲ್ಲ ಸರ್."

ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ತಿಪ್ಪೇಶ ಎದ್ದು ಬಂದ. ಸಣ್ಣ ಆಳು. ಅಂಗಿಯ ಮೇಲೆಲ್ಲ ಮಗಳ ರಕ್ತ, ತಲೆಗೂದಲಲ್ಲಿ ಭಟ್ಟಿಯ ಹೊಟ್ಟು. ಕೈಮುಗಿದ.

"ನಂದೇ ತಪ್ಪು ಸಾರ್. ಡಬ್ಬಿ ಗುರ್ ಅಂತಿತ್ತು, ಮಗಳಿಗೆ ನಿದ್ದೆ ಬರ್ಲಿ ಅಂತ ಅದರ ಮ್ಯಾಲೆ ನಾನೇ ಕೌದಿ ಹೊಚ್ಚಿದ್ದೆ."

"ಆಗೋಯ್ತಲ್ಲಪ್ಪಾ! ಮೈಕಿಗೆ ಕೌದಿ ಹೊದಿಸಿದ್ರೆ ಅದಕ್ಕೆ ಕೇಳೋದಾದ್ರೂ ಹೇಗೆ?" ಅಂದರು ಮುರುಗೇಶ್.

ತಿಪ್ಪೇಶ ಮಂಗಳಾಳ ಕಡೆ ತಿರುಗಿದ. "ಮೊದ್ಲು ಗಾಡೀಲಿ ಕಾಲು ಕಿತ್ತೆ. ಈಗ ಕೌದಿ ಹಾಕಿ ಮತ್ತೆ ಕಿತ್ತೆ. ನಾನು ಅಪ್ಪ ಏನ್ರೀ ಮೇಡಂ?"

ಕೌದಿ ಅನ್ನುವ ಮಾತು ಕಿವಿಗೆ ಬಿದ್ದೊಡನೆ ಮಂಗಳಾಳ ಎದೆಯೊಳಗೆ ತಣ್ಣಗಾಗಿತ್ತು. ಸದ್ಯ, ಡಬ್ಬಿಯ ತಪ್ಪಲ್ಲ! ನನ್ನ ತಪ್ಪಲ್ಲ! ಒಂದು ಮಗು ಒಳಗೆ ರಕ್ತ ಹತ್ತಿಸಿಕೊಂಡು ಮಲಗಿದೆ, ಅದರಪ್ಪ ಎದುರಿಗೆ ನಿಂತು ಅಳುತ್ತಿದ್ದಾನೆ, ಇವಳಿಗೆ ಹಾಯೆನ್ನಿಸಿದೆ. ಥೂ, ಏನು ಮನುಷ್ಯರೋ ಅಂತ ನೀವು ಅನ್ನಬಹುದು. ಅವಳೂ ಆಮೇಲೆ ಹಾಗೇ ಅಂದುಕೊಂಡಳು.

*

ಸೋಮವಾರ ಬೆಳಗ್ಗೆ ಗಮನಿಸುವ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಡಬ್ಬಿ ಹಿಂದಿನ ಮೂರು ದಿನದ ಸದ್ದನ್ನೆಲ್ಲ ಇಟ್ಟುಕೊಂಡಿರುತ್ತದೆ. ಕೌದಿಯಿಂದ ಏನೂ ಕೇಳಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡುಬಿಟ್ಟರೆ ಮಧ್ಯಾಹ್ನ ಬರುವ ತನಿಖೆಯವರ ಮುಂದೆ ಧೈರ್ಯವಾಗಿ ಕೂರಬಹುದು ಅಂತ ಅವಳ ಲೆಕ್ಕ.

ಹೆಡ್‌ಫೋನ್ ಹಾಕಿಕೊಂಡಳು. ಕುಕ್ಕರ್ ಕೂಗಿದ್ದು ಕೇಳಿಸಿತು. ಸೊಪ್ಪಿನವಳು ಬೀದಿಯಲ್ಲಿ ಮೆಂತ್ಯ, ಸಬ್ಬಸಿಗೆ ಅಂತ ಕೂಗಿದ್ದು ಕೇಳಿಸಿತು. ಪಕ್ಕದ ಮನೆಯ ಟಿವಿಯ ಸುದ್ದಿ ಒಂದಕ್ಷರ ಬಿಡದೆ ಕೇಳಿಸಿತು. ಕೌದಿ ಹೊದ್ದ ಡಬ್ಬಿಗೆ ಬೀದಿಯೇ ಕೇಳುತ್ತಿತ್ತು. ಮಗ್ಗುಲಲ್ಲೇ ಮಲಗಿದ್ದ ಹುಡುಗಿಯ ಅಳು ಮಾತ್ರ ಇಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ "ಸ್..." ಅಂತ ಉಸಿರು ಹಿಡಿದದ್ದು. ಅದರ ಹಿಂದೆಯೇ ಚಟ್ ಚಟ್ ಅಂತ ಎರಡು ಸದ್ದು. ಆಮೇಲೆ ಗಪ್‌ಚಿಪ್. ಮೂರು ದಿನದಲ್ಲಿ ಇಂಥದ್ದು ಇಪ್ಪತ್ತೊಂದು ಸಲ. ಆ ಚಟ್ ಏನೆಂದು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಕೌದಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಿವಿ ಸರಿಯಾಗೇ ಇತ್ತು. ಮಗು ಅಳಲಿಲ್ಲ, ಡಬ್ಬಿ ನೋವಿಲ್ಲ ಅಂದುಕೊಂಡಿತು.

ಇನ್ನೊಂದೂ ಅವಳಿಗೆ ನೆನಪಾಯಿತು, ಅಥವಾ ಯಾವತ್ತೂ ಮರೆತಿರಲೇ ಇಲ್ಲ. ಪ್ರಯೋಗದ ನಲವತ್ತು ಮಕ್ಕಳಲ್ಲಿ ಹದಿನೇಳನೆಯದು ಮತ್ತು ಮೂವತ್ತೊಂದನೆಯದು. ಅವೆರಡರ ಗೆರೆಯೂ ಹೀಗೇ ಸಪಾಟು. ಮಗು ಅಂದ ಮೇಲೆ ಅಳದೇ ಇರುತ್ತದೆಯೇ? ಋತುವಿನ ತಾಯಿಗೆ ಆ ಪ್ರಶ್ನೆಯೇ ಏಳಲಿಲ್ಲ. ಮೈಕ್ ಕೆಟ್ಟಿದೆ ಅಂತ ಬರೆದು ಎರಡನ್ನೂ ಲೆಕ್ಕದಿಂದ ತೆಗೆದುಹಾಕಿದ್ದಳು. ಮೈಕ್ ಬಿಚ್ಚಿ ನೋಡಿರಲಿಲ್ಲ. ನೋಡಲು ಐದು ನಿಮಿಷ ಸಾಕಾಗಿತ್ತು. ಇವತ್ತು ಹಳೆಯ ಕಡತ ತೆಗೆದರೆ, ಅದೇ ಎರಡು ಮಕ್ಕಳ ಹೆಸರಿನ ಪಕ್ಕ ಹನುಮಕ್ಕನ ಗುಂಡು ಅಕ್ಷರ: 'ಗಾಯದ ಅಂಚು ನೀಲಿಯಾಗಿದೆ.' ಆ ಮಕ್ಕಳ ಪುಣ್ಯ, ಆಗಿನ್ನೂ ಮಿತಿ ನೂರಕ್ಕೇ ಇತ್ತು. ಉಳಿದ ಮೂವತ್ತೆಂಟು ಅಳುಬುರುಕರನ್ನು ನಂಬಿಕೊಂಡು ಮಿತಿ ಏರಿಸಿದ್ದಳು.

ಅಳೋ ಮಗುವಿಗೇ ಹಾಲು. ಗಾದೆಯೇನೋ ದೊಡ್ಡದೇ. ಅಳದ ಮಗು ಏನಾಗುತ್ತದೆ ಅಂತ ಗಾದೆ ಹೇಳುವುದಿಲ್ಲ, ಇವಳೂ ಕೇಳಿರಲಿಲ್ಲ.

ಮೊದಲು ಒಂದು ಕೆಲಸ ಮಾಡಿದಳು. ಉಳಿದ ನಲವತ್ತೆರಡು ಡಬ್ಬಿಗಳ ಮಿತಿಯನ್ನು ಕೂತಲ್ಲಿಂದಲೇ ಎಂಬತ್ತಕ್ಕೆ ಇಳಿಸಿದಳು. ಯಾಕೆ ಅಂತ ಕೇಳಿದವರಿಗೆ "ಮುನ್ನೆಚ್ಚರಿಕೆ" ಅಂದಳು. ನಿಜ ಹೇಳಲು ಬಾಯಿ ಬರಲಿಲ್ಲ.

ಮಧ್ಯಾಹ್ನ ತನಿಖೆ. ಡಬ್ಬಿ ತಯಾರಿಸುವ ಕಂಪನಿಯವರೊಬ್ಬರು, ಮುರುಗೇಶ್, ಇವಳು. ವರದಿ ಆಗಲೇ ಟೈಪಾಗಿ ಬಂದಿತ್ತು: ಮನೆಯವರು ಯಂತ್ರವನ್ನು ಬಟ್ಟೆಯಿಂದ ಮುಚ್ಚಿದ್ದರಿಂದ, ಎಂದು ಶುರು. ಸದ್ದು ಕೇಳಿ ನೋಡಿದಿರಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ.

"ಸೈನ್ ಹಾಕಿ ಮಂಗಳಾ. ಕೇಂದ್ರ ಉಳೀಬೇಕು. ಇನ್ನೂ ಸಾವಿರ ಮಕ್ಕಳಿದ್ದಾರೆ" ಅಂದರು ಮುರುಗೇಶ್. ಅವರು ಕೆಟ್ಟವರಲ್ಲ. ಅವರಿಗೆ ಕೌದಿಯ ಮಾತು ನಿಜವೆಂದೇ ನಂಬಿಕೆ.

ಮಂಗಳಾ ಸೈನ್ ಹಾಕಿದಳು.

*

ಮಂಗಳವಾರ ಬೆಳಗ್ಗೆ ತಟ್ಟೆಯಲ್ಲಿ ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ಜಗದೀಶ ಐಟಿಐನಲ್ಲಿ ಮೇಷ್ಟ್ರು, ನೇರ ಮನುಷ್ಯ. ಅವನಿಗೆ ಎಲ್ಲ ಹೇಳಿದಳು, ಹದಿನೇಳು, ಮೂವತ್ತೊಂದು, ಕುಕ್ಕರು, ಸೊಪ್ಪಿನವಳು, ಎಲ್ಲ.

ಅವನು ಲೋಟ ಕೆಳಗಿಟ್ಟ. "ಆ ಮನುಷ್ಯ ತಾನೇ ಒಪ್ಪಿಕೊಂಡಿದ್ದಾನೆ. ಅವನ ಮೇಲೆ ಕೇಸಿಲ್ಲ, ದಂಡ ಇಲ್ಲ. ಮಿತಿ ಇಳಿಸಿದ್ದೀಯ, ಇನ್ನು ಯಾರಿಗೂ ಆಗಲ್ಲ. ಬೀದೀಲಿ ಹೋಗೋ ಮಾರೀನ ಯಾಕೆ ಮನೆಗೆ ಕರೀತೀಯ?"

"ಅವನು ಅಪ್ಪ ಕಣ್ರೀ. ಸಾಯೋವರೆಗೂ ಕೌದಿ ಕೌದಿ ಅಂತ ಕೊರಗ್ತಾನೆ."

"ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ ಮಂಗಳಾ."

ಹೋಗುತ್ತೆ, ಅವಳಿಗೂ ಗೊತ್ತು. ಕೆಲಸ ಒಂದೇ ಆಗಿದ್ದರೆ ಹೇಗೋ. ಮೃದು ಮಾಡಿದ ಮಂಗಳಾ ಅನ್ನುವ ಹೆಸರೂ ಹೋಗುತ್ತೆ. ನಿಜಕ್ಕೂ ಅವಳನ್ನು ತಡೆದದ್ದು ಅದು. ಹಾಗಂತ ಗಂಡನ ಹತ್ತಿರವೂ ಹೇಳಿಕೊಳ್ಳಲಾರದೆ ಎದ್ದುಹೋದಳು.

ಅಷ್ಟರಲ್ಲಿ ಅಂಗಳದಲ್ಲಿ ಋತು ಮಂಡಿ ತರಚಿಕೊಂಡು ಗಂಟಲು ಹರಿಯುವಂತೆ ಅಳತೊಡಗಿದಳು. ಮಂಗಳಾ ಓಡಿಹೋಗಿ ಎತ್ತಿಕೊಂಡಳು. ಗಾಯ ಉಗುರಿನಷ್ಟೂ ಇಲ್ಲ. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಇಷ್ಟಕ್ಕೆಲ್ಲ ಯಾಕೆ ಇಷ್ಟು ಅಳ್ತೀಯೇ ನನ್ನವ್ವ?"

ಬಿಕ್ಕುತ್ತಲೇ ಮಗಳು ಹೇಳಿದಳು: "ಅತ್ರೆ ನೀನು ಬರ್ತೀಯಲ್ಲ, ಅದಕ್ಕೆ."

ಮಂಗಳಾ ಮಗಳನ್ನು ಎತ್ತಿಕೊಂಡು ಹಾಗೇ ನಿಂತಳು. ಋತು ಅತ್ತರೆ ಅಮ್ಮ ಬರುತ್ತಾಳೆ. ಲಿಖಿತಾ ಅತ್ತರೆ ಏನು ಬರುತ್ತದೆ?

*

ಆ ದಿನವೇ ವಾರ್ಡಿಗೆ ಹೋದಳು. ಕಿಟಕಿ ಪಕ್ಕದ ಮಂಚದಲ್ಲಿ ಲಿಖಿತಾ, ಎರಡು ಜಡೆ, ಬಿಳಿಚಿದ ಮುಖ. ಕಾಲಿಗೆ ಈಗ ಬರೀ ಬ್ಯಾಂಡೇಜು, ಡಬ್ಬಿಯಿಲ್ಲ. ಅವಳ ತಾಯಿ ರತ್ನಮ್ಮ ಇಡ್ಲಿ ಕಿವುಚಿ ತಿನ್ನಿಸುತ್ತಿದ್ದಳು. ತಿಪ್ಪೇಶ ಮಂಚದ ಕಾಲ ಬುಡದಲ್ಲಿ ಕೂತಿದ್ದ.

ಹುಡುಗಿ ಸ್ವಲ್ಪ ಹೊರಳಿದಳು. ಕಾಲು ಅಲುಗಿತು. "ಸ್..." ಅಂತ ಉಸಿರು ಹಿಡಿದಳು.

ಚಟ್, ಚಟ್.

ತಿಪ್ಪೇಶ ಎರಡೂ ಕೈಯಿಂದ ತನ್ನ ಎರಡೂ ಕೆನ್ನೆಗೆ ಬಾರಿಸಿಕೊಂಡಿದ್ದ. "ಪಾಪಿ ನಾನು, ಪಾಪಿ" ಅನ್ನುತ್ತಿದ್ದ. ಕೆನ್ನೆ ಎರಡೂ ಊದಿದ್ದವು. ಮಗಳ ಮುಖದಿಂದ ನೋವು ಆ ಕ್ಷಣವೇ ಮಾಯವಾಯಿತು. ಏಳು ವರ್ಷದ ಕೂಸು ತುಟಿ ಬಿಗಿಹಿಡಿದು ನಗಲು ನೋಡಿತು.

"ಏನಿಲ್ಲಪ್ಪಾ. ನೋವಿಲ್ಲ. ಹೊಡ್ಕೋಬ್ಯಾಡ."

ರತ್ನಮ್ಮ ಮಂಗಳಾಳನ್ನು ಬಾಗಿಲ ಹೊರಗೆ ಕರೆದುಕೊಂಡು ಬಂದು ಸೆರಗು ಬಾಯಿಗಿಟ್ಟುಕೊಂಡಳು. "ಗಾಡಿಗೆ ಕಾಲು ಸಿಕ್ಕ ದಿನದಿಂದ ಹಿಂಗೇ ರೀ. ಅವಳು ಸ್ ಅಂದ್ರೆ ಸಾಕು, ಇವರು ಕೆನ್ನೆ ಕೆನ್ನೆ ಹೊಡ್ಕೊಂತಾರೆ. ಅಪ್ಪನ್ನ ಕಂಡ್ರೆ ಜೀವ ಆಕೀಗೆ. ಅದಕ್ಕೇ ಉಸಿರೇ ಬಿಡಲ್ಲ. ಈಗ ಆ ಕೌದಿದೊಂದು ಗೊತ್ತಾದ ಮ್ಯಾಲೆ ಇವರದು ಇನ್ನೂ ಜಾಸ್ತಿ ಆಗೈತಿ. ನೀವು ದೊಡ್ಡೋರು, ಒಂದು ಮಾತು ಹೇಳ್ರಿ ಅವರಿಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದ್ದವಳು ಕೈಕಟ್ಟಿ ನಿಂತಿದ್ದಳು, ಕದಿಯದವನು ಕೆನ್ನೆ ಬಾರಿಸಿಕೊಳ್ಳುತ್ತಿದ್ದ. ಅವನ ಒಂದೊಂದು ಪೆಟ್ಟಿಗೂ ಅವಳು ಸೈನ್ ಹಾಕಿಕೊಟ್ಟಿದ್ದಳು. ಅವನು ಹೊಡೆದುಕೊಂಡಷ್ಟೂ ಮಗು ನೋವು ನುಂಗುತ್ತಿತ್ತು.

ತಿಪ್ಪೇಶನಿಗೆ ನಾಳೆ ಹೇಳುತ್ತೇನೆ ಅಂದುಕೊಂಡಳು. ಹೆದರಿಕೆ ಸುಲಭವಾಗಿ ಹೋಗುವಂಥದ್ದಲ್ಲ ನೋಡಿ. ಆದರೂ ಮೆಟ್ಟಿಲು ಇಳಿದು ಮುರುಗೇಶರ ಕೋಣೆಗೆ ಹೋಗಿ ಮೊದಲು ಸೈನ್ ವಾಪಸ್ ತಗೊಳ್ಳುವ ಕಾಗದ ಕೊಟ್ಟಳು. ಹದಿನೇಳು, ಮೂವತ್ತೊಂದರ ಕಡತವನ್ನೂ ಕೊಟ್ಟಳು. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದರರ್ಥ ನಿನಗೆ ಗೊತ್ತಲ್ಲ?"

"ಗೊತ್ತು ಸರ್."

"ಐದು ನಿಮಿಷದ ಕೆಲಸವಾಗಿತ್ತಲ್ಲೇ ಮಂಗಳಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರ ದನಿಯಲ್ಲಿ ಬರೀ ದುಃಖವಿತ್ತು.

*

ಬುಧವಾರ ಹತ್ತು ಗಂಟೆಗೆ ಬ್ಯಾಂಡೇಜು ಬಿಚ್ಚುವುದಿತ್ತು. ಹಿಮ್ಮಡಿ ಉಳಿಯಿತೋ ಇಲ್ಲವೋ ಅವತ್ತು ತಿಳಿಯಬೇಕು. ಹನುಮಕ್ಕ ಟ್ರೇ ತಂದಿಟ್ಟುಕೊಂಡು ಕೈಗವಸು ಹಾಕಿಕೊಂಡಳು. ಮುರುಗೇಶ್ ಆ ಪಕ್ಕ ನಿಂತರು. ತಿಪ್ಪೇಶ, ರತ್ನಮ್ಮ ತಲೆಯ ಹತ್ತಿರ.

"ಬಿಚ್ಚೋಕೆ ಮುಂಚೆ ನಾನೊಂದು ಮಾತು ಹೇಳಬೇಕು" ಅಂದಳು ಮಂಗಳಾ. "ತಿಪ್ಪೇಶಣ್ಣ, ಕೌದಿಯಿಂದ ಆದದ್ದಲ್ಲ ಇದು."

ಅವನು ಸಮಾಧಾನದ ಮಾತೆಂದು ತಿಳಿದು ತಲೆಯಾಡಿಸಿದ. "ಇರ್ಲಿ ಬಿಡ್ರಿ ಮೇಡಂ."

"ಇಲ್ಲ, ಕೇಳಿ. ಕೌದಿ ಹೊದಿಸಿದ್ರೂ ಡಬ್ಬಿಗೆ ಎಲ್ಲ ಕೇಳಿಸ್ತಿತ್ತು. ನಿಮ್ಮನೆ ಕುಕ್ಕರ್ ಕೂಗಿದ್ದನ್ನೂ ನಾನು ಕೇಳಿದ್ದೀನಿ. ಮಗು ಅಳದಿದ್ರೆ ನೋವಿಲ್ಲ ಅಂತ ಡಬ್ಬಿಗೆ ಕಲಿಸಿದವಳು ನಾನು. ಮೊದಲೂ ಎರಡು ಮಕ್ಕಳು ಅತ್ತಿರಲಿಲ್ಲ, ಅವರ ಗಾಯವೂ ಕೆಟ್ಟಿತ್ತು. ಮೈಕ್ ಕೆಟ್ಟಿದೆ ಅಂತ ಬರೆದು ಬಿಟ್ಟುಬಿಟ್ಟೆ. ತಪ್ಪು ನಂದು. ಸೋಮವಾರವೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮ ತಪ್ಪು ಅಂತ ಸೈನ್ ಹಾಕಿದೆ."

ತಿಪ್ಪೇಶನಿಗೆ ಮಾತು ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಕೆಂಪಾಯಿತು.

"ಸೋಮವಾರ?"

"ಹೌದು."

"ಸೋಮವಾರದಿಂದ ನಾನು ಅನ್ನ ಮುಟ್ಟಿಲ್ಲ" ಅಂದ. ದನಿ ಏರಿತು. "ಆ ಕೌದಿ ನಮ್ಮವ್ವ ಹೊಲಿದಿದ್ದು. ಅದನ್ನ ಸುಟ್ಟುಹಾಕಿದೆ ನಾನು! ನಿಮ್ಮನ್ನ ದೇವರು ಅಂದ್ಕೊಂಡಿದ್ವಲ್ರೀ! ನಮ್ಮ ಕೂಸಿಗೆ ನೋವೈತೋ ಇಲ್ವೋ ಅಂತ ಒಬ್ಬರಾದ್ರೂ ಬಾಯಿಬಿಟ್ಟು ಕೇಳಿದ್ರೇನ್ರೀ? ಡಬ್ಬಿ ಕೇಳ್ತಂತೆ, ಡಬ್ಬಿ! ನಿಮ್ಮ ಮಗಳಿಗೆ ಹಿಂಗೆ ಮಾಡ್ತಿದ್ರಾ?"

ಅವನು ಹಾಗೆ ಕೂಗಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಮುರುಗೇಶ್ ತಡೆಯಲು ಹೊರಟರು, ಹನುಮಕ್ಕ ಕಣ್ಣಲ್ಲೇ ಬೇಡ ಅಂದಳು. ಮಂಗಳಾ ತಲೆ ತಗ್ಗಿಸಿ ನಿಂತಿದ್ದಳು. ಒಂದೊಂದು ಮಾತೂ ತಾಗಿತು.

ಲಿಖಿತಾ ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪನಿಗೆ ಸಿಟ್ಟು ಬಂದಿದೆ. ಆದರೆ ಕೈ ಕೆನ್ನೆಗೆ ಹೋಗುತ್ತಿಲ್ಲ.

ಹನುಮಕ್ಕ ಮೆಲ್ಲಗೆ ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿದಳು. ಒಳಗಿನ ಬಟ್ಟೆ ಗಾಯಕ್ಕೆ ಹತ್ತಿಕೊಂಡಿತ್ತು. ಉಪ್ಪುನೀರು ಹಾಕಿ ಅಂಚು ಎತ್ತಿದಳು. ಹುಡುಗಿಯ ಉಸಿರು ಸಿಕ್ಕಿಕೊಂಡಿತು. ಅಪ್ಪನ ಕೈಗಳನ್ನು ಒಮ್ಮೆ ನೋಡಿದಳು. ಆ ಕೈಗಳು ಮಂಚದ ಸರಳನ್ನು ಬಿಗಿಯಾಗಿ ಹಿಡಿದಿದ್ದವು. ತುಟಿ ಅದುರಿತು, ಗಲ್ಲ ಅದುರಿತು.

"ಅಪ್ಪಾ, ಉರೀತೈತಿ! ಅಪ್ಪಾ, ಭಾಳ ಉರೀತೈತಿ!"

ಅಂದವಳೇ ಬಾಯಿ ತೆರೆದು ಅತ್ತಳು. ಹನ್ನೆರಡು ದಿನ ನುಂಗಿದ್ದೆಲ್ಲ ಒಂದೇ ಸಲಕ್ಕೆ ಬಂತು. ವಾರ್ಡಿನ ಬೇರೆ ಮಕ್ಕಳು ಎದ್ದು ಕೂತರು. ಹನುಮಕ್ಕ ತಟ್ಟನೆ ಕೈ ತೆಗೆದಳು.

"ನಿಲ್ಲಿಸ್ದೆ ಕಂದ, ನಿಲ್ಲಿಸ್ದೆ. ನೀನು ಹೇಳು, ಆಮೇಲೆ ಮುಟ್ತೀನಿ." ಬಗ್ಗಿ ನೋಡಿ ಮುರುಗೇಶರಿಗೆ ಹೇಳಿದಳು: "ಅಂಚು ಹೋಗೈತಿ ಸಾರ್. ತಳ ಕೆಂಪೈತಿ."

"ಹಿಮ್ಮಡಿ ಉಳಿಯುತ್ತೆ" ಅಂದರು ಮುರುಗೇಶ್. "ಮೊದಲಿನ ಹಾಗೆ ಇರಲ್ಲ. ಆದರೆ ಉಳಿಯುತ್ತೆ."

ತಿಪ್ಪೇಶ ಮಗಳ ತಲೆಯನ್ನು ಎದೆಗೆ ಅವುಚಿಕೊಂಡ. "ಅಳು ನನ್ನವ್ವ. ನಾನೇನೂ ಮಾಡ್ಕೊಳಲ್ಲ. ಎಷ್ಟು ಬೇಕೋ ಅಷ್ಟು ಅಳು" ಅಂದ. ಅವಳು ಅತ್ತಳು.

ಮಂಗಳಾ ಇನ್ನು ತನಗಿಲ್ಲಿ ಕೆಲಸವಿಲ್ಲ ಅಂದುಕೊಂಡಳು. ಆ ಅಳು ಅವಳಿಂದ ತಡೆಯಲಾಗುತ್ತಿರಲಿಲ್ಲ. ಮೆಲ್ಲಗೆ ಬಾಗಿಲ ಕಡೆ ತಿರುಗಿದಳು.

"ಎಲ್ಲಿಗೆ ಹೊಂಟ್ರಿ?" ಅಂದ ತಿಪ್ಪೇಶ, ಮಗಳ ತಲೆಯ ಮೇಲಿಂದ. ಈಗ ಕೂಗಲಿಲ್ಲ. "ಹೋಗಬ್ಯಾಡ್ರಿ. ಇಲ್ಲೇ ನಿಂತು ಕೇಳ್ರಿ."

ಮಂಗಳಾ ಬಾಗಿಲ ಹತ್ತಿರವೇ ನಿಂತಳು. ಹುಡುಗಿಗೆ ಸಾಕಾಗುವವರೆಗೂ ನಿಂತು ಕೇಳಿದಳು.